ಕೇಂದ್ರಕ್ಕೊಬ್ಬರು, ರಾಜ್ಯಕ್ಕೊಬ್ಬರು: ಮಿಶ್ರ ನಿಲುವಿನ ಮತದಾರರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚುನಾವಣೆ ಹತ್ತಿರ ಬಂದಾಗ ಕಾರ್ಯಕರ್ತರು, ಟಿಕೆಟ್ ಆಕಾಂಕ್ಷಿಗಳು, ಪ್ರಚಾರದ ಉಸ್ತುವಾರಿ ಹೊತ್ತವರು ಎಲ್ಲರೂ ಸುತ್ತಿ ಬಳಸಿ ಕೇಳುವುದು ಒಂದೇ: "ಅರ್ಧ ನಮ್ಮ ಕಡೆ, ಅರ್ಧ ಅವರ ಕಡೆ ಇರುವವರನ್ನು ಒಲಿಸಿಕೊಳ್ಳುವುದು ಹೇಗೆ?" ಇಲ್ಲಿರುವ ಉದಾಹರಣೆಗಳು ಹೆಚ್ಚಾಗಿ ಕರ್ನಾಟಕದವು. ಯಾವ ಪಕ್ಷದ ಪರವಾಗಿಯೂ ಬರೆದದ್ದಲ್ಲ. ಎಲ್ಲರಿಗೂ ಒಂದೆರಡು ಏಟು ಬಿದ್ದಿವೆ.

ಮಿಶ್ರ ನಿಲುವಿನ ಮತದಾರರು ಅಂದರೆ ಯಾರು?

ಒಂದು ಪಕ್ಷದ ಎಲ್ಲ ನಿಲುವುಗಳನ್ನೂ ಇಡಿಯಾಗಿ ಒಪ್ಪದವರು. ಅಯೋಧ್ಯೆಯಲ್ಲಿ ಮಂದಿರ ಆಗಿದ್ದು ಒಳ್ಳೇದಾಯ್ತು ಅನ್ನುವ ಮಹಿಳೆಯೇ ಕಾಂಗ್ರೆಸ್ ಸರ್ಕಾರದ ಶಕ್ತಿ ಯೋಜನೆಯ ಉಚಿತ ಬಸ್ಸಿನಲ್ಲಿ ಧರ್ಮಸ್ಥಳಕ್ಕೆ ಹೋಗಿ ಬಂದಿರುತ್ತಾರೆ. 2020ರಲ್ಲಿ ಭೂಸುಧಾರಣೆ ಕಾಯ್ದೆಗೆ ತಂದ ತಿದ್ದುಪಡಿಯನ್ನು ಬಾಯ್ತುಂಬ ಬೈದ ರೈತ, ಅದನ್ನು ತಂದ ಪಕ್ಷಕ್ಕೇ ಲೋಕಸಭೆಯಲ್ಲಿ ಮತ ಹಾಕುತ್ತಾನೆ. ಹಿಂದಿ ಹೇರಿಕೆ ಅಂದರೆ ಉರಿದು ಬೀಳುವ ಹುಡುಗನಿಗೆ ದೆಹಲಿಯಲ್ಲಿ ಗಟ್ಟಿ ನಾಯಕ ಬೇಕು. ನಮ್ಮ ಮನೆಗಳಲ್ಲೇ ಇಂಥವರು ಇದ್ದಾರೆ, ಅಲ್ವಾ? ಪೂರ್ತಿ ಒಂದೇ ಬಣ್ಣದವರೇ ಕಮ್ಮಿ. ಅವರ ದನಿ ಜೋರು, ಅಷ್ಟೇ.

ಅಂದರೆ ಇವರು ಗೊಂದಲದಲ್ಲಿರುವವರಾ?

ಬಹಳಷ್ಟು ಸಲ ಅಲ್ಲ. ಗೊಂದಲದಲ್ಲಿರುವವರು ಬೇರೆ. ಅವರಿಗೆ ಇನ್ನೂ ಅಭಿಪ್ರಾಯ ಮೂಡಿಲ್ಲ, ಅಥವಾ ರಾಜಕೀಯದ ಗೊಡವೆಯೇ ಬೇಡ. ಮಿಶ್ರ ನಿಲುವಿನವರಿಗೆ ಅಭಿಪ್ರಾಯಗಳು ಇವೆ, ಗಟ್ಟಿಯಾಗಿಯೇ ಇವೆ. ಆದರೆ ಅವು ಒಂದೇ ಚಿಹ್ನೆಯ ಕೆಳಗೆ ಸಿಗುವುದಿಲ್ಲ. ಆದ್ದರಿಂದ ಅವರು ಪ್ರತಿ ಚುನಾವಣೆಯಲ್ಲೂ ಕೇಳಿಕೊಳ್ಳುವುದು, "ಈ ಸಲ ಇವುಗಳಲ್ಲಿ ಯಾವುದು ಮುಖ್ಯ?" ಅಂತ. ಪಕ್ಷಗಳು ಎಡವುವುದು ಇಲ್ಲೇ. ಈ ಪ್ರಶ್ನೆಗೆ ಉತ್ತರ ಕೊಡುವುದು ಬಿಟ್ಟು, ಅವರ ಇನ್ನೊಂದು ಅಭಿಪ್ರಾಯವನ್ನು ಕಾಯಿಲೆ ಅಂತ ತಿಳಿದು ವಾಸಿ ಮಾಡಲು ಹೊರಡುತ್ತವೆ.

ಇದು ಮೊಬೈಲ್, ಟಿವಿ ಬಂದ ಮೇಲೆ ಶುರುವಾಗಿದ್ದಾ?

ಇಲ್ಲ. ಕರ್ನಾಟಕದ ಮತದಾರರು ಇದನ್ನು ನಲವತ್ತು ವರ್ಷದ ಹಿಂದೆಯೇ ಮಾಡಿ ತೋರಿಸಿದ್ದಾರೆ.

1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿ ಹತ್ಯೆಯಾಯಿತು. ಡಿಸೆಂಬರ್‌ನಲ್ಲಿ ಲೋಕಸಭೆ ಚುನಾವಣೆ. ಆಗ ರಾಜ್ಯದಲ್ಲಿ ಜನತಾ ಪಕ್ಷದ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ. ಅವರ ಸರ್ಕಾರಕ್ಕೆ ಸ್ವಂತ ಬಹುಮತವೂ ಇರಲಿಲ್ಲ. 28 ಕ್ಷೇತ್ರಗಳಲ್ಲಿ 24 ಕಾಂಗ್ರೆಸ್ ಪಾಲಾದವು, ಜನತಾ ಪಕ್ಷಕ್ಕೆ ಉಳಿದಿದ್ದು 4. ಹೆಗಡೆ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟು, ವಿಧಾನಸಭೆ ವಿಸರ್ಜಿಸಿ ಜನರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ ಅದೇ ಜನ ಜನತಾ ಪಕ್ಷಕ್ಕೆ 224ರಲ್ಲಿ 139 ಸ್ಥಾನ ಕೊಟ್ಟರು. ನಡುವೆ ಇದ್ದದ್ದು ಮೂರು ತಿಂಗಳು ಮಾತ್ರ.

ಮೂರು ತಿಂಗಳಲ್ಲಿ ಜನರ ನಂಬಿಕೆಗಳೇನೂ ಬದಲಾಗಿರಲಿಲ್ಲ. ಡಿಸೆಂಬರ್‌ನಲ್ಲಿ ಕಣದಲ್ಲಿದ್ದ ಪ್ರಶ್ನೆ ದೇಶದ ಭದ್ರತೆ ಮತ್ತು ಸತ್ತ ತಾಯಿಯ ಮಗ ರಾಜೀವ್ ಗಾಂಧಿ. ಮಾರ್ಚ್‌ನಲ್ಲಿ ಇದ್ದ ಪ್ರಶ್ನೆ ಹೆಗಡೆ ಬೇಕೋ ಬೇಡವೋ ಅನ್ನುವುದು. ಹಳ್ಳಿಗಳಲ್ಲಿ ಬೋರ್‌ವೆಲ್ ಕೊರೆಸಿ "ನೀರ್ ಸಾಬ್" ಅನಿಸಿಕೊಂಡಿದ್ದ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಕೆಲಸ ಕಣ್ಣೆದುರು ಇತ್ತು. ಲೋಕಾಯುಕ್ತ ಕಾಯ್ದೆ ಬಂದಿತ್ತು. ಹೆಗಡೆಯವರ ಇನ್ನೊಂದು ಜಾಣತನ ನನಗೆ ಇಲ್ಲಿ ಮುಖ್ಯವಾಗಿ ಕಾಣುತ್ತದೆ. ಅವರು ಲೋಕಸಭೆಯ ತೀರ್ಪಿನ ಬಗ್ಗೆ ಜನರ ಜೊತೆ ಜಗಳಕ್ಕೆ ಬೀಳಲಿಲ್ಲ. ಅದಕ್ಕೆ ತಲೆಬಾಗಿ, ಬೇರೆಯದೇ ಪ್ರಶ್ನೆಯನ್ನು ಜನರ ಮುಂದಿಟ್ಟರು.

ಆಮೇಲೂ ಹೀಗೇ ಆಗಿದೆಯಾ?

ಮೇಲಿಂದ ಮೇಲೆ. 2013ರ ವಿಧಾನಸಭೆಯಲ್ಲಿ ಕಾಂಗ್ರೆಸ್‌ಗೆ 122, ಮರು ವರ್ಷ ಲೋಕಸಭೆಯಲ್ಲಿ ಬಿಜೆಪಿಗೆ 17. 2018ರಲ್ಲಿ ಬಿಜೆಪಿ 104ಕ್ಕೆ ನಿಂತು ಬಹುಮತ ತಪ್ಪಿಸಿಕೊಂಡಿತು, 2019ರಲ್ಲಿ 25 ಲೋಕಸಭಾ ಕ್ಷೇತ್ರ ಬಾಚಿಕೊಂಡಿತು. 2023ರಲ್ಲಿ ಕಾಂಗ್ರೆಸ್‌ಗೆ 135, 2024ರಲ್ಲಿ ಬರೀ 9.

ಆದರೆ ಸೀಟಿನ ಲೆಕ್ಕ ನೋಡಿ ಮೋಸ ಹೋಗಬೇಡಿ. 2024ರ ಫಲಿತಾಂಶ ಬಂದ ದಿನ "ಗ್ಯಾರಂಟಿ ಕೈಕೊಟ್ಟಿತು" ಅಂತ ಎಷ್ಟೋ ಜನ ಬರೆದರು. ಮತಪ್ರಮಾಣ ನೋಡಿ. ಕಾಂಗ್ರೆಸ್‌ಗೆ 2023ರಲ್ಲಿ ಸುಮಾರು 43% ಬಂದಿತ್ತು, 2024ರಲ್ಲಿ 45% ದಾಟಿತು. ಇಳಿದಿಲ್ಲ, ಏರಿದೆ! ಬಿಜೆಪಿ 36%ರಿಂದ 46%ಗೆ ಹೋಯಿತು. ಜೆಡಿಎಸ್ 13%ರಿಂದ 6%ಕ್ಕಿಂತ ಕೆಳಗೆ ಬಂತು. ಜೆಡಿಎಸ್ ಆಗ ಬಿಜೆಪಿಯ ಮಿತ್ರಪಕ್ಷವಾಗಿ ಮೂರೇ ಕಡೆ ಸ್ಪರ್ಧಿಸಿತ್ತು. ಅಂದರೆ ಕಾಂಗ್ರೆಸ್‌ನ ಗಂಟು ಕರಗಿದ್ದಕ್ಕಿಂತ ಎದುರಿನ ಎರಡು ಗಂಟುಗಳು ಒಂದಾಗಿದ್ದು ಜಾಸ್ತಿ ಕೆಲಸ ಮಾಡಿದೆ. ಹಾಗಂತ ಯಾರೂ ಆಚೀಚೆ ಹೋಗಿಲ್ಲ ಅಂತಲೂ ಅಲ್ಲ. ಒಳಗೊಳಗೇ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಹೋಗುವವರು ಒಟ್ಟು ಲೆಕ್ಕದಲ್ಲಿ ಕಾಣಿಸುವುದಿಲ್ಲ.

ಎರಡು ಚುನಾವಣೆ ಒಂದೇ ದಿನ ನಡೆದರೆ ಜನ ಒಂದೇ ಪಕ್ಷಕ್ಕೆ ಒತ್ತುತ್ತಾರಲ್ಲವೇ?

ಹಲವರು ಒತ್ತುತ್ತಾರೆ, ಎಲ್ಲರೂ ಒತ್ತುವುದಿಲ್ಲ. 2004ರಲ್ಲಿ ಕರ್ನಾಟಕದಲ್ಲಿ ಎರಡೂ ಒಟ್ಟಿಗೆ ನಡೆದವು. ಬಿಜೆಪಿಗೆ ಲೋಕಸಭೆಯಲ್ಲಿ 28ಕ್ಕೆ 18 ಬಂತು, ವಿಧಾನಸಭೆಯಲ್ಲಿ 224ಕ್ಕೆ 79. ಮತಗಟ್ಟೆ ಅದೇ, ಸಾಲು ಅದೇ, ಬೆರಳಿನ ಶಾಯಿ ಅದೇ. ತ್ರಿಕೋನ ಸ್ಪರ್ಧೆ ಮತ್ತು ಮಿತ್ರಪಕ್ಷಕ್ಕೆ ಬಿಟ್ಟುಕೊಟ್ಟ ಕ್ಷೇತ್ರಗಳ ಪರಿಣಾಮವೂ ಇದರಲ್ಲಿ ಸೇರಿದೆ, ನಿಜ. ಆದರೂ ಮತಪ್ರಮಾಣದಲ್ಲೇ ಎದ್ದು ಕಾಣುವ ವ್ಯತ್ಯಾಸ ಇತ್ತು.

ಒಡಿಶಾ ಇನ್ನೂ ಸ್ಪಷ್ಟ ಉದಾಹರಣೆ. 2019ರಲ್ಲಿ ವಿಧಾನಸಭೆಗೆ ನವೀನ್ ಪಟ್ನಾಯಕ್ ಅವರ ಬಿಜೆಡಿ 112 ಸ್ಥಾನ ಗೆದ್ದಿತು. ಅದೇ ಹೊತ್ತಿನ ಲೋಕಸಭೆ ಮತದಲ್ಲಿ 21ರಲ್ಲಿ 8 ಬಿಜೆಪಿಗೆ ಹೋದವು. ದೆಹಲಿಯದು ಬೇರೆ ಬೇರೆ ವರ್ಷದ ಕಥೆ, ಆದರೆ ಜಿಗಿತ ದೊಡ್ಡದು: 2014ರಲ್ಲಿ ಏಳೂ ಲೋಕಸಭಾ ಕ್ಷೇತ್ರ ಬಿಜೆಪಿಗೆ, 2015ರಲ್ಲಿ ವಿಧಾನಸಭೆಯ 70ರಲ್ಲಿ 67 ಎಎಪಿಗೆ (ಆಮ್ ಆದ್ಮಿ ಪಕ್ಷ), 2019ರಲ್ಲಿ ಮತ್ತೆ ಏಳೂ ಬಿಜೆಪಿಗೆ, 2020ರಲ್ಲಿ ಮತ್ತೆ 62 ಎಎಪಿಗೆ. ರಾಜಸ್ಥಾನದಲ್ಲಿ 2018ರಲ್ಲಿ ಒಂದು ಘೋಷಣೆ ಊರೂರು ಸುತ್ತಿತ್ತು: "ಮೋದಿ ತುಝ್‌ಸೆ ಬೈರ್ ನಹೀ, ವಸುಂಧರಾ ತೇರಿ ಖೈರ್ ನಹೀ." ಮೋದಿ ಮೇಲೆ ನಮಗೆ ಹಗೆಯಿಲ್ಲ, ವಸುಂಧರಾ ನಿಮ್ಮನ್ನು ಮಾತ್ರ ಬಿಡುವುದಿಲ್ಲ ಅಂತ. ಹೇಳಿದಂತೆಯೇ ಮಾಡಿದರು. ಡಿಸೆಂಬರ್‌ನಲ್ಲಿ ವಸುಂಧರಾ ರಾಜೆ ಸರ್ಕಾರ ಹೋಯಿತು, ಮುಂದಿನ ಮೇ ತಿಂಗಳಲ್ಲಿ 25ಕ್ಕೆ 25 ಬಿಜೆಪಿ ಮತ್ತು ಮಿತ್ರಪಕ್ಷಕ್ಕೆ ಬಂದವು.

ಹಾಗಾದರೆ ಪಕ್ಷ ಎಲ್ಲ ವಿಷಯದಲ್ಲೂ ನಡುವೆ ನಿಂತರೆ ಸಾಕಾ?

ಸಲಹೆಗಾರರು ಮೊದಲು ಹೇಳುವುದು ಇದನ್ನೇ. ನನ್ನ ಪ್ರಕಾರ ಇದು ಬಹಳ ಕೆಟ್ಟ ಸಲಹೆ. ಮಿಶ್ರ ನಿಲುವಿನವರು ನಡುವೆ ನಿಂತವರಲ್ಲ. ಒಂದು ವಿಷಯದಲ್ಲಿ ಈ ತುದಿ, ಇನ್ನೊಂದರಲ್ಲಿ ಆ ತುದಿ. ಉಪ್ಪಿಟ್ಟೂ ಬೇಕು, ಕೇಸರಿಬಾತೂ ಬೇಕು ಅನ್ನುವವರ ತಟ್ಟೆಗೆ ಎರಡನ್ನೂ ಕಲಸಿ ಬಡಿಸಿದರೆ ತಿನ್ನುತ್ತಾರಾ?

ಎಲ್ಲದರಲ್ಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವ ಪಕ್ಷಕ್ಕೆ ಎರಡು ಕಡೆಯಿಂದಲೂ ನಷ್ಟ. ಸ್ವಂತ ಕಾರ್ಯಕರ್ತರು ಮನೆಯಲ್ಲಿ ಕೂರುತ್ತಾರೆ. ಹೊರಗಿನವರು ನಂಬುವುದಿಲ್ಲ. ವರ್ಷವಿಡೀ ದೇವಸ್ಥಾನದ ಕಡೆ ತಲೆ ಹಾಕದ ನಾಯಕ ಚುನಾವಣೆಗೆ ಹದಿನೈದು ದಿನ ಇರುವಾಗ ಹಣೆ ತುಂಬ ಕುಂಕುಮ ಇಟ್ಟು ಓಡಾಡಿದರೆ ಭಕ್ತರೇ ಮೊದಲು ನಗುತ್ತಾರೆ. ಹಾಗೆಯೇ ಐದು ವರ್ಷ ಒಂದು ಸಮುದಾಯವನ್ನು ಚುಚ್ಚುತ್ತಾ ಬಂದವರು ಕೊನೇ ವಾರದಲ್ಲಿ "ನಾವೆಲ್ಲ ಅಣ್ಣತಮ್ಮಂದಿರು" ಅಂದರೂ ಅಷ್ಟೇ.

ಹಾಗಾದರೆ ಮಾಡಬೇಕಾದ್ದೇನು?

ಈ ಚುನಾವಣೆ ಯಾವುದರ ಬಗ್ಗೆ ಅಂತ ಎದುರಾಳಿಗಿಂತ ಮೊದಲೇ ತೀರ್ಮಾನ ಮಾಡಿ. ಮತದಾರರ ಮನಸ್ಸಿನಲ್ಲಿರುವ ನಾಲ್ಕೈದು ಅಭಿಪ್ರಾಯಗಳಲ್ಲಿ ನಿಮಗೆ ಅನುಕೂಲವಾದದ್ದು ಮೇಲೆ ಬರಬೇಕು. ಉಳಿದವುಗಳ ತಂಟೆಗೆ ಹೋಗಬಾರದು.

2023ರಲ್ಲಿ ಕಾಂಗ್ರೆಸ್ ಇದನ್ನು ಚೆನ್ನಾಗಿ ಮಾಡಿತು. ಚುನಾವಣೆಗೆ ತಿಂಗಳುಗಳ ಮೊದಲೇ, 2022ರ ಸೆಪ್ಟೆಂಬರ್‌ನಲ್ಲಿ, "ಪೇಸಿಎಂ" ಪೋಸ್ಟರ್ ಗೋಡೆಗೆ ಹತ್ತಿತ್ತು. ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಮುಖ, ಕ್ಯೂಆರ್ ಕೋಡ್, ಸರ್ಕಾರಿ ಕಾಮಗಾರಿಗಳಲ್ಲಿ 40% ಕಮಿಷನ್ ಆರೋಪ. ಆಮೇಲೆ ಗ್ಯಾರಂಟಿಗಳು: 200 ಯೂನಿಟ್‌ವರೆಗೆ ಉಚಿತ ಕರೆಂಟು, ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ, ಹೆಣ್ಣುಮಕ್ಕಳಿಗೆ ಬಸ್ಸು, ಅಕ್ಕಿ, ಪದವೀಧರರಿಗೆ ಭತ್ಯೆ. ಮೋದಿಯವರನ್ನು ಮೆಚ್ಚುವ ಒಬ್ಬ ಗುತ್ತಿಗೆದಾರನೂ ಈ ಪ್ರಚಾರವನ್ನು ಮುಜುಗರವಿಲ್ಲದೆ ಒಪ್ಪಬಹುದಿತ್ತು. ಮೋದಿ ಬಗ್ಗೆ ಅವನ ಅಭಿಪ್ರಾಯ ಬದಲಾಗಬೇಕಾದ ಅಗತ್ಯವೇ ಇರಲಿಲ್ಲ.

ಅದೇ ಕಾಲದ ನಂದಿನಿ ಮತ್ತು ಅಮುಲ್ ಜಟಾಪಟಿ ಇನ್ನೊಂದು ಮಾದರಿ. ಬೆಂಗಳೂರಿಗೆ ಆನ್‌ಲೈನ್‌ನಲ್ಲಿ ಹಾಲು ಕೊಡುತ್ತೇವೆ ಅಂತ ಅಮುಲ್ 2023ರ ಏಪ್ರಿಲ್‌ನಲ್ಲಿ ಹೇಳಿದ್ದೇ ತಡ, ಅದು ಕನ್ನಡದ ಸ್ವಾಭಿಮಾನದ ವಿಷಯವಾಯಿತು. ಹಿಂದುತ್ವ ಒಪ್ಪುವವರೂ ಆ ಒಂದು ವಿಷಯದಲ್ಲಿ ಮೊದಲು ಕನ್ನಡಿಗರಾದರು. ಅದರಿಂದ ಎಷ್ಟು ಸೀಟು ಬಂತು ಅಂತ ಲೆಕ್ಕ ಹಾಕುವುದು ಸುಮ್ನೆ ಕಾಲಹರಣ, ಬೆಂಗಳೂರಿನಲ್ಲಿ ಬಿಜೆಪಿ ಗಟ್ಟಿಯಾಗಿಯೇ ನಿಂತಿತು. ಆದರೆ ಬಿಜೆಪಿ ಆ ದಿನಗಳಲ್ಲಿ ತನಗೆ ಬೇಡದ ವಿಷಯದ ಬಗ್ಗೆ ಸಮಜಾಯಿಷಿ ಕೊಡುತ್ತಾ ಕೂರಬೇಕಾಯಿತು.

ಅದೇ ಚುನಾವಣೆಯ ಪ್ರಣಾಳಿಕೆಯಲ್ಲಿ ಕಾಂಗ್ರೆಸ್, ನಿಷೇಧದಂಥ ಕ್ರಮದ ಮಾತಾಡುತ್ತಾ ಬಜರಂಗದಳದ ಹೆಸರು ಹಾಕಿದ್ದು ತಪ್ಪಲ್ಲವೇ?

ಮೇಲಿನ ಸೂತ್ರದ ಪ್ರಕಾರ ತಪ್ಪೇ. ಬೆಲೆ ಏರಿಕೆ, ಕಮಿಷನ್ ಅಂತ ಆರಾಮಾಗಿ ಸಾಗುತ್ತಿದ್ದ ಚುನಾವಣೆಗೆ ಎದುರಾಳಿಯ ನೆಚ್ಚಿನ ಪ್ರಶ್ನೆಯನ್ನು ತಾನೇ ತಂದು ಕೊಟ್ಟಂತಾಯಿತು. ಬಿಜೆಪಿ ಒಂದೇ ದಿನದಲ್ಲಿ ಅದನ್ನು ಬಜರಂಗಬಲಿಯ ವಿಷಯ ಮಾಡಿತು. ಪ್ರಧಾನಿ ಸಭೆಗಳಲ್ಲಿ ಜೈಕಾರ ಕೂಗಿಸಿದರು.

ಆದರೂ ರಾಜ್ಯದ ಫಲಿತಾಂಶ ಅಲುಗಲಿಲ್ಲ. ಅದು ಕೆಲಸ ಮಾಡಿದ್ದಿದ್ದರೆ ಕರಾವಳಿಯಲ್ಲಿ ಮಾಡಿರಬೇಕು: ಉಡುಪಿಯ ಐದೂ, ದಕ್ಷಿಣ ಕನ್ನಡದ ಎಂಟರಲ್ಲಿ ಆರು ಬಿಜೆಪಿಗೆ ಬಂದವು. ಆದರೆ ಅಲ್ಲಿ ಆ ಪ್ರಶ್ನೆ ಮೊದಲಿನಿಂದಲೂ ಮೇಲೇ ಇತ್ತು. ಉಳಿದ ಕಡೆ ಗ್ಯಾಸ್ ಸಿಲಿಂಡರ್ ಬೆಲೆ ಆಗಲೇ ಮನಸ್ಸಿನಲ್ಲಿ ಕೂತಾಗಿತ್ತು. ಕೊನೇ ವಾರದಲ್ಲಿ ಪ್ರಶ್ನೆ ಬದಲಾಯಿಸುವುದು ಬಹಳ ಕಷ್ಟ. ಇದನ್ನು ಎರಡೂ ಪಕ್ಷದವರು ಬರೆದಿಟ್ಟುಕೊಳ್ಳಬೇಕು.

ಉಚಿತ ಯೋಜನೆ ಕೊಟ್ಟರೆ ಜನರ ನಂಬಿಕೆ ಬದಲಾಗುತ್ತದೆಯೇ?

ಇಲ್ಲ. ಬದಲಾಗಬೇಕು ಅಂತ ನಿರೀಕ್ಷಿಸುವುದೂ ತಪ್ಪು. 2,000 ರೂಪಾಯಿ ಖಾತೆಗೆ ಬಂದ ಮಹಿಳೆ ತನ್ನ ದೇವರು, ಜಾತಿ, ಇಷ್ಟದ ನಾಯಕನನ್ನು ಅದರ ಬದಲಿಗೆ ಕೊಟ್ಟುಬಿಡುವುದಿಲ್ಲ. ದುಡ್ಡು ಕೊಟ್ಟ ಸರ್ಕಾರದ ಬಗ್ಗೆ ಒಳ್ಳೇ ಮಾತಾಡಿ, ಲೋಕಸಭೆಗೆ ಇನ್ನೊಬ್ಬರಿಗೆ ಒತ್ತುತ್ತಾಳೆ. "ನಮ್ಮ ಅನ್ನ ತಿಂದು ಅವರಿಗೆ ಹಾಕಿದರು" ಅಂತ ಸೋತವರು ಗೊಣಗುವುದನ್ನು ಕೇಳಿರುತ್ತೀರಿ. ಇದಕ್ಕಿಂತ ಮತ ಕಳೆಯುವ ಮಾತು ಇನ್ನೊಂದಿಲ್ಲ. ಅದು ಅವರ ಅನ್ನವಲ್ಲ, ತೆರಿಗೆ ದುಡ್ಡು. ಅದು ಜನರಿಗೂ ಗೊತ್ತು.

ಇನ್ನೊಂದು ಕಡೆಯವರ ಎಡವಟ್ಟನ್ನೂ ನೋಡಿ. 2022ರ ಜುಲೈನಲ್ಲಿ ಪ್ರಧಾನಿ "ರೇವಡಿ" ಸಂಸ್ಕೃತಿಯನ್ನು, ಅಂದರೆ ಮತಕ್ಕಾಗಿ ಉಚಿತ ಕೊಡುಗೆ ಹಂಚುವುದನ್ನು, ಟೀಕಿಸಿದರು. 2023ರ ಕರ್ನಾಟಕ ಪ್ರಣಾಳಿಕೆಯಲ್ಲಿ ಅವರದೇ ಪಕ್ಷ ಬಿಪಿಎಲ್ ಕುಟುಂಬಗಳಿಗೆ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು, ವರ್ಷಕ್ಕೆ ಮೂರು ಉಚಿತ ಸಿಲಿಂಡರ್ ಅಂತ ಬರೆಯಿತು. ಉಚಿತ ತಪ್ಪು ಅನ್ನುವವರಿಗೂ ಅದು ಹಿಡಿಸಲಿಲ್ಲ, ಉಚಿತ ಬೇಕು ಅನ್ನುವವರಿಗೂ ಅಸಲಿ ಅನ್ನಿಸಲಿಲ್ಲ. ಆಮೇಲೆ ಪಕ್ಷ ಪಾಠ ಕಲಿಯಿತು. ಮಧ್ಯಪ್ರದೇಶದಲ್ಲಿ ಮಹಿಳೆಯರ ಖಾತೆಗೆ ತಿಂಗಳಿಗಿಷ್ಟು ದುಡ್ಡು ಹಾಕುವ ಲಾಡ್ಲಿ ಬೆಹ್ನಾ ಯೋಜನೆಯನ್ನು 2023ರ ಚುನಾವಣೆಗೆ ಮೊದಲೇ ಜಾರಿ ಮಾಡಿ, ಮುಜುಗರವಿಲ್ಲದೆ ಹೇಳಿಕೊಂಡು ಗೆದ್ದಿತು. 2025ರಲ್ಲಿ ದೆಹಲಿಯಲ್ಲಿ ಮಹಿಳೆಯರಿಗೆ ತಿಂಗಳಿಗೆ 2,500 ರೂಪಾಯಿ ಭರವಸೆ ಕೊಟ್ಟಿತು, ಅಲ್ಲೂ ಗೆದ್ದಿತು. ಎದುರಾಳಿಯ ಜನಪ್ರಿಯ ಯೋಜನೆಯನ್ನು ಬೈಯುವ ಬದಲು "ಅದು ಮುಂದುವರಿಯುತ್ತದೆ, ಈಗ ಬೇರೆ ಮಾತಾಡೋಣ" ಅಂದರೆ ಮಿಶ್ರ ನಿಲುವಿನವರಿಗೆ ಬಾಗಿಲು ತೆರೆದಂತೆ.

ಒಂದು ಜಾತಿಗೆ ಏನಾದರೂ ಕೊಟ್ಟರೆ ಆ ಜಾತಿ ನಮ್ಮದಾಗುತ್ತದೆ ಅಲ್ಲವೇ?

ಕರ್ನಾಟಕದಲ್ಲಿ ಎರಡು ಪಕ್ಷಗಳು ಐದು ವರ್ಷದ ಅಂತರದಲ್ಲಿ ಇದನ್ನು ನಂಬಿ ಕೆಟ್ಟಿವೆ.

2018ರ ಮಾರ್ಚ್‌ನಲ್ಲಿ ಸಿದ್ದರಾಮಯ್ಯ ಸರ್ಕಾರ, ನ್ಯಾಯಮೂರ್ತಿ ನಾಗಮೋಹನ್ ದಾಸ್ ಸಮಿತಿಯ ವರದಿಯ ಆಧಾರದ ಮೇಲೆ, ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆ ಕೊಡಿ ಅಂತ ಕೇಂದ್ರಕ್ಕೆ ಶಿಫಾರಸು ಮಾಡಿತು. ಬೇಡಿಕೆ ಸುಳ್ಳಾಗಿರಲಿಲ್ಲ. ದೊಡ್ಡ ದೊಡ್ಡ ಸಮಾವೇಶಗಳು ನಡೆದಿದ್ದವು, ಹಲವು ಮಠಾಧೀಶರು ಜೊತೆಗಿದ್ದರು. ಆದರೆ ಬಸವಣ್ಣನ ವಚನ ಹೇಳುತ್ತಾ, ಮನೆಯಲ್ಲಿ ಇಷ್ಟಲಿಂಗ ಪೂಜೆ ಮಾಡುತ್ತಾ, ವೀರಶೈವರ ಪಂಚಪೀಠಕ್ಕೂ ನಡೆದುಕೊಳ್ಳುತ್ತಾ, ಯಡಿಯೂರಪ್ಪನವರನ್ನು ತಮ್ಮವರು ಅಂದುಕೊಂಡಿದ್ದ ಸಾವಿರಾರು ಮನೆಗಳಿದ್ದವು. ಅವರಿಗೆ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳುವ ತುರ್ತು ಇರಲಿಲ್ಲ. ಸರ್ಕಾರ ಆರಿಸಿಕೊಳ್ಳಿ ಅಂದಿತು. ಎದುರಾಳಿ "ಧರ್ಮ ಒಡೆದರು" ಅಂದಿತು. ಕಾಂಗ್ರೆಸ್ ಸೋತಿದ್ದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಹೋರಾಟದ ಮುಂಚೂಣಿಯಲ್ಲಿದ್ದ ಕೆಲವು ಸಚಿವರೇ ಸೋತರು. ಅದೇ ವರ್ಷ ಡಿ.ಕೆ. ಶಿವಕುಮಾರ್ ಬಹಿರಂಗವಾಗಿ ಕ್ಷಮೆ ಕೇಳಿದರು.

2023ರ ಮಾರ್ಚ್‌ನಲ್ಲಿ ಬೊಮ್ಮಾಯಿ ಸರ್ಕಾರ ಹಿಂದುಳಿದ ವರ್ಗಗಳ ಪಟ್ಟಿಯ 2ಬಿ ಪ್ರವರ್ಗದಲ್ಲಿ ಮುಸ್ಲಿಮರಿಗಿದ್ದ 4% ಮೀಸಲಾತಿ ತೆಗೆದು, ಒಕ್ಕಲಿಗರಿಗೆ 2%, ಲಿಂಗಾಯತರಿಗೆ 2% ಹಂಚಿತು. ಲೆಕ್ಕ ಸರಳವಾಗಿತ್ತು: ಎರಡು ದೊಡ್ಡ ಸಮುದಾಯ ಖುಷಿ, ಹಿಂದುತ್ವದವರೂ ಖುಷಿ. ಆದರೆ ಲಿಂಗಾಯತರಲ್ಲೇ ಒಂದು ಉಪಪಂಗಡವಾದ ಪಂಚಮಸಾಲಿಗಳು ಕೇಳಿದ್ದು ಬೇರೆಯದೇ ಪ್ರವರ್ಗ, 2ಎ. ವಿಷಯ ಸುಪ್ರೀಂ ಕೋರ್ಟ್‌ಗೆ ಹೋಗಿ ಜಾರಿಯಾಗದೆ ನಿಂತಿತು. ಚುನಾವಣೆಯಲ್ಲಿ ಬಿಜೆಪಿ 66ಕ್ಕೆ ಇಳಿಯಿತು.

ಜಾತಿ ಮುಖ್ಯವಲ್ಲ ಅಂತ ನಾನು ಹೇಳುತ್ತಿಲ್ಲ. ಕರ್ನಾಟಕದಲ್ಲಿ ಕೂತು ಹಾಗೆ ಹೇಳುವವರಿದ್ದರೆ ಅವರು ಒಂದು ಟಿಕೆಟ್ ಹಂಚಿಕೆ ಸಭೆ ನೋಡಬೇಕು. ಆದರೆ ಒಂದು ಜಾತಿಯೊಳಗೇ ಉಪಪಂಗಡ, ಮಠ, ಪ್ರದೇಶ, ಜಮೀನು ಇದೆ, ಇಲ್ಲ ಅನ್ನುವ ವ್ಯತ್ಯಾಸಗಳಿವೆ. ಎಪ್ಪತ್ತರ ದಶಕದ ಮುಖ್ಯಮಂತ್ರಿ ದೇವರಾಜ ಅರಸು ಇದನ್ನು ಬಲ್ಲವರಾಗಿದ್ದರು. ಒಂದೊಂದು ಸಣ್ಣ ಸಮುದಾಯದಿಂದಲೂ ಹೊಸಬರನ್ನು ಹುಡುಕಿ ಟಿಕೆಟ್ ಕೊಟ್ಟರು. ಜೊತೆಗೆ ಉಳುವವನಿಗೆ ಭೂಮಿ, ಹಿಂದುಳಿದ ವರ್ಗಗಳಿಗಾಗಿ ಹಾವನೂರು ಆಯೋಗ. ಗುರುತೂ ಇತ್ತು, ಕೈಗೆ ಸಿಗುವಂಥದ್ದೂ ಇತ್ತು.

ಅಭ್ಯರ್ಥಿ ಎಷ್ಟು ಮುಖ್ಯ?

ಬಹಳ. ಮಿಶ್ರ ನಿಲುವಿನವರಿಗೆ ಒಳ್ಳೇ ಅಭ್ಯರ್ಥಿ ಅಂದರೆ ಒಂದು ನೆಪ. ಪಕ್ಷ ಹಿಡಿಸದಿದ್ದರೂ "ನಾನು ಮನುಷ್ಯನನ್ನು ನೋಡಿ ಹಾಕಿದೆ" ಅನ್ನಬಹುದು.

2024ರಲ್ಲಿ ಬೆಂಗಳೂರು ಗ್ರಾಮಾಂತರದಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ನಿಂತರು. ದೇವೇಗೌಡರ ಅಳಿಯ, ಚಿಹ್ನೆ ಕಮಲ, ಹೆಸರು ಬಡವರಿಗೆ ಚಿಕಿತ್ಸೆ ಕೊಟ್ಟ ಡಾಕ್ಟರದು. ಜೆಡಿಎಸ್‌ನವರಿಗೆ ಮನೆಯವರು, ಬಿಜೆಪಿಯವರಿಗೆ ಮೋದಿಯ ಅಭ್ಯರ್ಥಿ, ಎರಡೂ ಅಲ್ಲದವರಿಗೆ ಡಾಕ್ಟರು. 2019ರಲ್ಲಿ ಕರ್ನಾಟಕದಿಂದ ಗೆದ್ದಿದ್ದ ಏಕೈಕ ಕಾಂಗ್ರೆಸ್ ಸಂಸದ ಡಿ.ಕೆ. ಸುರೇಶ್ ಅಲ್ಲಿ ಎರಡೂವರೆ ಲಕ್ಷಕ್ಕಿಂತ ಹೆಚ್ಚು ಅಂತರದಿಂದ ಸೋತರು.

ಹಾಗಂತ ಹೆಸರಿದ್ದವರನ್ನು ಎಳೆದು ತಂದರೆ ಮತವೂ ಜೊತೆಗೆ ಬರುತ್ತದೆ ಅಂತಲ್ಲ. 2023ರಲ್ಲಿ ಬಿಜೆಪಿಯ ಇಬ್ಬರು ಲಿಂಗಾಯತ ನಾಯಕರು ಕಾಂಗ್ರೆಸ್ ಸೇರಿದರು. ಲಕ್ಷ್ಮಣ ಸವದಿ ಅಥಣಿಯಲ್ಲಿ ಭಾರೀ ಅಂತರದಿಂದ ಗೆದ್ದರು. ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರ್ ಹುಬ್ಬಳ್ಳಿ-ಧಾರವಾಡ ಸೆಂಟ್ರಲ್‌ನಲ್ಲಿ ಸೋತರು. ಹುಬ್ಬಳ್ಳಿಯ ಮತ ಸಂಘಟನೆಯದ್ದಾಗಿತ್ತು, ಅಥಣಿಯದ್ದು ಸವದಿಯವರದ್ದು ಅಂತ ನನ್ನ ಓದು. ಶೆಟ್ಟರ್ ವರ್ಷದೊಳಗೆ ಬಿಜೆಪಿಗೆ ಮರಳಿ, 2024ರಲ್ಲಿ ಬೆಳಗಾವಿಯಿಂದ ಲೋಕಸಭೆಗೆ ಗೆದ್ದರು. ಮನುಷ್ಯ ಅವರೇ.

ಮೈತ್ರಿ ಮಾಡಿಕೊಂಡರೆ ಎರಡು ಪಕ್ಷಗಳ ಮತ ಕೂಡುತ್ತದೆಯೇ?

ಕಾಗದದ ಮೇಲೆ ಕೂಡುತ್ತದೆ. 2019ರಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಒಟ್ಟಾಗಿ ನಿಂತು ಒಂದೊಂದು ಸ್ಥಾನ ಗೆದ್ದವು. ತುಮಕೂರಿನಲ್ಲಿ ದೇವೇಗೌಡರೇ ಸೋತರು. ಮಂಡ್ಯದಲ್ಲಿ ನಿಖಿಲ್ ಕುಮಾರಸ್ವಾಮಿ ಪಕ್ಷೇತರ ಅಭ್ಯರ್ಥಿ ಸುಮಲತಾ ಎದುರು ಸೋತರು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಕೈ ಮತ್ತು ತೆನೆ ದಶಕಗಳಿಂದ ಎದುರುಬದುರು. ಪಂಚಾಯಿತಿ, ಡೇರಿ, ಸೊಸೈಟಿ ಎಲ್ಲದರಲ್ಲೂ ಜಗಳ. ಬೆಂಗಳೂರಿನಲ್ಲಿ ನಾಯಕರು ಕೈ ಮೇಲೆತ್ತಿ ಫೋಟೊ ತೆಗೆಸಿಕೊಂಡರೆ ಆ ಜಗಳ ಮುಗಿಯುತ್ತದಾ?

2024ರ ಬಿಜೆಪಿ-ಜೆಡಿಎಸ್ ಮೈತ್ರಿ ಹೆಚ್ಚು ಸಲೀಸಾಗಿ ಸಾಗಿತು. ಆ ಭಾಗದಲ್ಲಿ ಈ ಎರಡು ಪಕ್ಷಗಳ ನಡುವೆ ಬೂತ್ ಮಟ್ಟದ ಹಳೇ ಹಗೆ ಕಮ್ಮಿ. ಜೆಡಿಎಸ್‌ಗೆ ಹಾಕುತ್ತಿದ್ದ ಬಹಳಷ್ಟು ಒಕ್ಕಲಿಗರಿಗೆ ದೆಹಲಿಗೆ ಮೋದಿ ಅನ್ನುವುದು ಮೊದಲೇ ಒಪ್ಪಿಗೆಯಿತ್ತು. ಜೆಡಿಎಸ್‌ಗೆ ಹಾಕುತ್ತಿದ್ದ ಮುಸ್ಲಿಮರಿಗೆ ಮಾತ್ರ ಈ ಮೈತ್ರಿಯಲ್ಲಿ ಜಾಗವೇ ಉಳಿಯಲಿಲ್ಲ. ಪಕ್ಷ ಅದಕ್ಕೆ ಬೆಲೆ ತೆರಲೇಬೇಕು.

ಒಂದೇ ನಾಯಕ ಬೇರೆ ಬೇರೆ ನಂಬಿಕೆಯವರನ್ನು ಹಿಡಿದಿಟ್ಟುಕೊಳ್ಳಬಹುದೇ?

ಬಿ.ಎಸ್. ಯಡಿಯೂರಪ್ಪ ಅದಕ್ಕೆ ಉದಾಹರಣೆ. ಸಂಘದಿಂದ ಬಂದವರು, ಆದರೆ ಹೆಗಲ ಮೇಲೆ ಹಸಿರು ಶಾಲು. ಹೆಣ್ಣುಮಗುವಿನ ಹೆಸರಲ್ಲಿ ಭಾಗ್ಯಲಕ್ಷ್ಮಿ ಬಾಂಡ್, ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್, ಪ್ರತ್ಯೇಕ ಕೃಷಿ ಬಜೆಟ್, ಮಠಗಳಿಗೆ ಅನುದಾನ. ಹಿಂದುತ್ವ ಬೇಡ ಅನ್ನುವ ರೈತನಿಗೂ ಅವರಿಗೆ ಮತ ಹಾಕಲು ಕಾರಣ ಇತ್ತು. 2012ರಲ್ಲಿ ಅವರು ಬಿಜೆಪಿ ಬಿಟ್ಟು ಕೆಜೆಪಿ (ಕರ್ನಾಟಕ ಜನತಾ ಪಕ್ಷ) ಕಟ್ಟಿದಾಗ ಆ ಮತದ ತೂಕ ಗೊತ್ತಾಯಿತು. 2013ರಲ್ಲಿ ಗೆದ್ದಿದ್ದು 6, ಆದರೆ ಸುಮಾರು 10% ಮತ ತಿಂದರು. ಬಿಜೆಪಿ 40ಕ್ಕೆ ಕುಸಿಯಿತು.

ತೊಂದರೆ ಏನೆಂದರೆ, ಇಂಥ ಮತ ಪಕ್ಷದ ಖಾತೆಗೆ ಜಮೆ ಆಗುವುದಿಲ್ಲ.

ಒಂದೊಂದು ಗುಂಪಿಗೆ ಒಂದೊಂದು ಥರ ಹೇಳಿದರೆ?

ಒತ್ತು ಬದಲಾಯಿಸಬಹುದು. ರಾಯಚೂರಲ್ಲಿ ನೀರಾವರಿ, ಮಹದೇವಪುರದಲ್ಲಿ ಟ್ರಾಫಿಕ್, ಅದು ಸಹಜ. ಮಾತನ್ನೇ ಬದಲಾಯಿಸಬೇಡಿ. ಈ ಮೊಹಲ್ಲಾದಲ್ಲಿ ಹೇಳಿದ್ದು ರಾತ್ರಿಯೊಳಗೆ ಆ ಓಣಿಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿರುತ್ತದೆ.

ಧರ್ಮ, ಜಾತಿ ಹೆಸರಲ್ಲಿ ಮತ ಕೇಳುವುದಕ್ಕೆ ಕಾನೂನಿನ ಅಡ್ಡಿ ಇಲ್ಲವೇ?

ಇದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಂ ಪ್ರಕಾರ ಧರ್ಮ, ಜನಾಂಗ, ಜಾತಿ, ಸಮುದಾಯ, ಭಾಷೆಯ ಆಧಾರದಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ. ಸಾಬೀತಾದರೆ ಆಯ್ಕೆಯೇ ಅಸಿಂಧು. ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರರ ಧರ್ಮದ ಹೆಸರು ಹೇಳಿ ಕೇಳಿದರೂ ಅಷ್ಟೇ ಅಂತ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್‌ನ ಏಳು ನ್ಯಾಯಮೂರ್ತಿಗಳ ಪೀಠ 4-3ರ ಬಹುಮತದಲ್ಲಿ ಹೇಳಿತು. ಹೀಗೆ ಓದಿದರೆ ಸಮುದಾಯಗಳ ಕಷ್ಟದ ಬಗ್ಗೆ ಮಾತಾಡುವುದೇ ನಿಂತುಹೋದೀತು ಅನ್ನುವುದು ಉಳಿದ ಮೂವರ ಆತಂಕ. ಪ್ರಚಾರ ಸಭೆಗಳಲ್ಲಿ ಏನು ನಡೆಯುತ್ತದೆ ಅನ್ನುವುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕ್ಷೇತ್ರದಲ್ಲಿ ಇಂಥ ಮತದಾರರು ಎಷ್ಟಿದ್ದಾರೆ ಅಂತ ತಿಳಿಯುವುದು ಹೇಗೆ?

"ಯಾರಿಗೆ ಹಾಕ್ತೀರಿ?" ಅಂತ ಕೇಳಿದರೆ ಏನೂ ಸಿಗುವುದಿಲ್ಲ. ಶಾಲು ಹಾಕಿಕೊಂಡು ಕೇಳಿದರೆ ಆ ಶಾಲಿಗೆ ತಕ್ಕ ಉತ್ತರ ಬರುತ್ತದೆ.

ಅದಕ್ಕಿಂತ ಫಾರ್ಮ್ 20 ತೆಗೆದು ನೋಡಿ. ಮತಗಟ್ಟೆವಾರು ಮತಗಳ ಪಟ್ಟಿ ಅದರಲ್ಲಿರುತ್ತದೆ. ಮುಖ್ಯ ಚುನಾವಣಾಧಿಕಾರಿಯವರ ವೆಬ್‌ಸೈಟಿನಲ್ಲಿ ಹಾಕುತ್ತಾರೆ. ವಿಧಾನಸಭೆಯದ್ದನ್ನೂ ಲೋಕಸಭೆಯದ್ದನ್ನೂ ಪಕ್ಕಪಕ್ಕ ಇಟ್ಟುಕೊಂಡು, ಯಾವ ಬೂತಿನಲ್ಲಿ ಅಂತರ ಜಾಸ್ತಿ ಅಂತ ಗುರುತು ಮಾಡಿ. ನಡುವೆ ಮತಗಟ್ಟೆಗಳ ಸಂಖ್ಯೆ ಬದಲಾಗಿರಬಹುದು, ಅದನ್ನು ಮೊದಲು ಸರಿಮಾಡಿಕೊಳ್ಳಿ. ಆಮೇಲೆ ಆ ಬೂತುಗಳಿಗೆ ಹೋಗಿ ಬೇರೆ ಪ್ರಶ್ನೆ ಕೇಳಿ: "ನಿಮಗೆ ಹಿಡಿಸದ ಪಕ್ಷ ಮಾಡಿದ, ನಿಮಗೆ ಹಿಡಿಸಿದ ಕೆಲಸ ಯಾವುದು?" ಜನ ಬಾಯಿ ಬಿಡುವುದು ಇಂಥ ಪ್ರಶ್ನೆಗೆ.

ಮನೆಮನೆ ಪ್ರಚಾರಕ್ಕೆ ಹೋದಾಗ ಏನು ಹೇಳಬೇಕು?

ಮೊದಲು ಏನು ಹೇಳಬಾರದು ಅಂತ ತಿಳಿಯಿರಿ. "ಭಕ್ತರು", "ಗುಲಾಮರು", "ಬಿಟ್ಟಿಭಾಗ್ಯಕ್ಕೆ ಮಾರಿಕೊಂಡವರು" ಅನ್ನುವ ಮಾತುಗಳನ್ನು ಕಾರ್ಯಕರ್ತರ ಫೇಸ್‌ಬುಕ್ ಪುಟಗಳಿಂದಲೂ ತೆಗೆಸಿ. ಹೋದ ಸಲ ಇನ್ನೊಂದು ಪಕ್ಷಕ್ಕೆ ಹಾಕಿದವರನ್ನು ಬೈದರೆ, ಈ ಸಲ ನಿಮಗೆ ಹಾಕಬೇಕೆಂದಿದ್ದವರಿಗೂ ಮುಖಭಂಗ. ಹಾಕಿದರೆ ತಾವು ಹಿಂದೆ ದಡ್ಡರಾಗಿದ್ದೆವು ಅಂತ ಒಪ್ಪಿಕೊಂಡಂತಾಗುತ್ತದೆ.

ಬದಲಿಗೆ ಹೀಗೆ: "ಅಕ್ಕಾ, ದೊಡ್ಡ ಚುನಾವಣೆಗೆ ನೀವು ಯಾರಿಗೆ ಹಾಕ್ತೀರೋ ಅದು ನಿಮ್ಮಿಷ್ಟ. ಇದು ನಮ್ಮೂರಿನ ನೀರು, ಆಸ್ಪತ್ರೆ, ರೇಷನ್ ವಿಷಯ. ಇದೊಂದು ನಮಗೆ ಕೊಡಿ." ಲೋಕಸಭೆ ಆದರೆ ತಿರುಗಿಸಿ: "ಯಜಮಾನ್ರೇ, ನಿಮ್ಮ ಎಮ್ಮೆಲ್ಲೆ ಒಳ್ಳೆಯವರೇ, ಅವರು ಇದ್ದೇ ಇರ್ತಾರೆ. ಇದು ದಿಲ್ಲಿ ಓಟು." ಕೇಳುವವರ ಇನ್ನೊಂದು ನಂಬಿಕೆಗೆ ಗೌರವ ಕೊಟ್ಟ ಮೇಲೆ ಅವರು ಕುರ್ಚಿ ಹಾಕುತ್ತಾರೆ.

ಗ್ರಾಮ ಪಂಚಾಯಿತಿಯಲ್ಲಿ ಇದೆಲ್ಲ ನಡೆಯುತ್ತದಾ?

ಅಲ್ಲಿ ಪಕ್ಷದ ಚಿಹ್ನೆಯೇ ಇಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷರಹಿತ, ಮುಕ್ತ ಚಿಹ್ನೆಗಳ ಮೇಲೆ ನಡೆಯುತ್ತದೆ. ಯಾರು ಯಾವ ಪಕ್ಷದವರು ಅಂತ ಊರಿಗೆಲ್ಲ ಗೊತ್ತಿರುತ್ತದೆ, ಆದರೂ ಗುಂಡಿ ಒತ್ತುವಾಗ, ಚೀಟಿಗೆ ಮುದ್ರೆ ಹಾಕುವಾಗ ನೋಡುವುದು ಮನೆತನ, ನಡತೆ, ಕಷ್ಟಕ್ಕೆ ಆಗುತ್ತಾರಾ ಇಲ್ಲವಾ ಅಂತ. ಲೋಕಸಭೆಗೆ ಕಮಲ, ವಿಧಾನಸಭೆಗೆ ಕೈ ಅನ್ನುವ ಮನೆಯವರು ಪಂಚಾಯಿತಿಗೆ ಜೆಡಿಎಸ್ ಕಾರ್ಯಕರ್ತನನ್ನು ಗೆಲ್ಲಿಸಿರುತ್ತಾರೆ. ಪಕ್ಷದ ಚಿಹ್ನೆ ಬರುವುದು ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗೆ. ಅವುಗಳ ಅವಧಿ 2021ರಲ್ಲಿ ಮುಗಿದ ಮೇಲೆ ಬಿಜೆಪಿ ಸರ್ಕಾರವೂ, ಆಮೇಲೆ ಬಂದ ಕಾಂಗ್ರೆಸ್ ಸರ್ಕಾರವೂ ಚುನಾವಣೆಯನ್ನು ವರ್ಷಗಟ್ಟಲೆ ಮುಂದೂಡುತ್ತಾ ಬಂದವು. ಮಿಶ್ರ ನಿಲುವಿನವರು ಅಲ್ಲಿ ಏನು ಮಾಡುತ್ತಾರೆ ಅಂತ ತಿಳಿಯುವ ಆಸೆ ಎರಡೂ ಪಕ್ಷಗಳಿಗೆ ಅಷ್ಟಾಗಿ ಇದ್ದಂತಿಲ್ಲ.